ಔಲಿ ಹಿಮಕ್ರೀಡಾ ತಾಣದಲ್ಲಿ ಹೋಟೆಲ್ ವಾಸ್ತವ್ಯ: ಮುಂಗಡ ಪಾವತಿಸುವ ಮುನ್ನ ಗ್ರಾಹಕರು ಗಮನಿಸಬೇಕಾದ ಅಂಶಗಳು

ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿಯು ಸಮುದ್ರಮಟ್ಟದಿಂದ ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿದ್ದು, ಜನವರಿಯಿಂದ ಮಾರ್ಚ್‌ವರೆಗೆ ಸ್ಕೀಯಿಂಗ್ ಕ್ರೀಡೆಗೆ, ಅಂದರೆ ಹಿಮದ ಇಳಿಜಾರಿನಲ್ಲಿ ಜಾರುವ ಕ್ರೀಡೆಗೆ ಹೆಸರಾಗಿದೆ. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳು ಇಲ್ಲಿ ನಡೆದವು. ಇದರ ಕೆಳಗಿರುವ ಜೋಶಿಮಠ ಪಟ್ಟಣವು ಬದರೀನಾಥ ಯಾತ್ರೆ ಕೈಗೊಂಡ ನಮ್ಮ ರಾಜ್ಯದವರಿಗೆ ಪರಿಚಿತವಾದುದೇ ಆಗಿದೆ. ಶೃಂಗೇರಿಯಂತೆ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದಾದ ಜ್ಯೋತಿರ್ಮಠವು ಇರುವುದು ಇಲ್ಲಿಯೇ. 2024ರಲ್ಲಿ ಜೋಶಿಮಠ ತಾಲ್ಲೂಕಿಗೆ ಜ್ಯೋತಿರ್ಮಠ ಎಂದು ಮರುನಾಮಕರಣ ಮಾಡಲಾಗಿರುವುದರಿಂದ, ಹೋಟೆಲ್‌ಗಳ ವಿಳಾಸದಲ್ಲಿ ಎರಡೂ ಹೆಸರುಗಳು ಕಂಡುಬರಬಹುದು. ಇವೆರಡೂ ಒಂದೇ ಊರು ಎಂಬುದನ್ನು ಗಮನಿಸುವುದು.

ಹೋಟೆಲ್ ಇರುವ ಸ್ಥಳ

ಹೆಸರಿನಲ್ಲಿ ‘ಔಲಿ’ ಎಂದಿರುವ ಹೋಟೆಲ್ ಔಲಿಯಲ್ಲಿಯೇ ಇರಬೇಕೆಂದೇನೂ ಇಲ್ಲ. ಅದು ಜೋಶಿಮಠದಲ್ಲಿರಬಹುದು ಅಥವಾ ನಡುವಿನ ರಸ್ತೆಯ ಬದಿಯಲ್ಲಿರಬಹುದು. ಜೋಶಿಮಠದಿಂದ ಔಲಿಗೆ ರಸ್ತೆ ಮಾರ್ಗದಲ್ಲಿ ಸುಮಾರು 15 ಕಿ.ಮೀ. ದೂರವಿದೆ. ಹಿಂದೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇದ್ದುದರಿಂದ ಕೆಳಗೆ ತಂಗಿದರೂ ಅಡ್ಡಿಯಿರಲಿಲ್ಲ. 2023ರ ಜನವರಿಯಲ್ಲಿ ಭೂಮಿ ಕುಸಿತದ ಕಾರಣ ಅದರ ಸಂಚಾರವನ್ನು ನಿಲ್ಲಿಸಲಾಯಿತು. ರೋಪ್‌ವೇ ಚಿತ್ರವುಳ್ಳ ಹಳೆಯ ಜಾಹೀರಾತನ್ನು ನೋಡಿ ಜೋಶಿಮಠದಲ್ಲಿ ಕೊಠಡಿ ಕಾಯ್ದಿರಿಸಿದವರು ಪ್ರತಿದಿನ ಬಾಡಿಗೆ ವಾಹನದ ವೆಚ್ಚವನ್ನು ಭರಿಸಬೇಕಾಗುತ್ತದೆ. ಹಿಮ ಬಿದ್ದ ದಿನ ವಾಹನವು ಮೇಲಿನವರೆಗೆ ಹೋಗುವುದೂ ಖಚಿತವಲ್ಲ. ಆದುದರಿಂದ ಕೊಠಡಿಯಿಂದ ಸ್ಕೀಯಿಂಗ್ ಇಳಿಜಾರಿಗೆ ಎಷ್ಟು ದೂರ, ಯಾರ ವಾಹನ, ಯಾರ ಖರ್ಚು ಎಂಬುದನ್ನು ಹೋಟೆಲಿನವರಿಂದ ಲಿಖಿತವಾಗಿ ಪಡೆಯತಕ್ಕದ್ದು. ದೂರವಾಣಿಯಲ್ಲಿ ಹೇಳಿದ ಮಾತು ದಾಖಲೆಯಾಗಿ ಉಳಿಯುವುದಿಲ್ಲ.

ಜೋಶಿಮಠವು ಹಳೆಯ ಭೂಕುಸಿತದ ಮಣ್ಣುಕಲ್ಲುಗಳ ರಾಶಿಯ ಮೇಲೆ ನಿಂತಿದೆಯೆಂದು 1976ರಲ್ಲಿಯೇ ಮಿಶ್ರಾ ಸಮಿತಿಯು ಎಚ್ಚರಿಸಿ, ಭಾರಿ ನಿರ್ಮಾಣಗಳು ಬೇಡವೆಂದು ತಿಳಿಸಿತ್ತು. ಆದರೂ ಕಟ್ಟಡಗಳು ಬೆಳೆದವು. 2023ರಲ್ಲಿ ನೂರಾರು ಕಟ್ಟಡಗಳಲ್ಲಿ ಬಿರುಕು ಕಾಣಿಸಿಕೊಂಡು, ಒಂದಕ್ಕೊಂದು ವಾಲಿದ್ದ ಎರಡು ಹೋಟೆಲ್‌ಗಳನ್ನು ಆಡಳಿತವೇ ಕೆಡವಿಸಬೇಕಾಯಿತು. ಕಡಿಮೆ ಬಾಡಿಗೆ ಎಂಬ ಒಂದೇ ಕಾರಣಕ್ಕೆ ಇಲ್ಲಿ ಕೊಠಡಿ ಆರಿಸಿಕೊಳ್ಳುವುದು ಸೂಕ್ತವಲ್ಲ. ಕಟ್ಟಡವು ಸುರಕ್ಷಿತವೆಂದು ಗುರುತಿಸಲಾದ ಪ್ರದೇಶದಲ್ಲಿದೆಯೇ ಎಂದು ವಿಚಾರಿಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಹಿಮ ಬೀಳದಿದ್ದಲ್ಲಿ

ಈ ವಿಷಯದಲ್ಲಿ ಸಾರ್ವಜನಿಕರಲ್ಲಿ ತಪ್ಪು ಕಲ್ಪನೆ ಇದೆ. ಹಿಮ ಬೀಳುವುದು ಹೋಟೆಲಿನವರ ಕೈಯಲ್ಲಿಲ್ಲ. 2023ರ ಫೆಬ್ರವರಿಯಲ್ಲಿ ಸಾಕಷ್ಟು ಹಿಮವಿಲ್ಲದೆ ಔಲಿಯ ರಾಷ್ಟ್ರಮಟ್ಟದ ಸ್ಪರ್ಧೆಗಳೇ ರದ್ದಾದವು. ಯಂತ್ರದಿಂದ ಹಿಮ ತಯಾರಿಸಲು ಸಹ ತಕ್ಕಷ್ಟು ಚಳಿ ಇರಬೇಕಾಗುತ್ತದೆ. ಕೇವಲ ಕೊಠಡಿಯನ್ನು ಕಾಯ್ದಿರಿಸಿದ್ದರೆ, ಹಿಮವಿಲ್ಲವೆಂಬ ಕಾರಣದಿಂದ ಮಾತ್ರ ಅದನ್ನು ಸೇವಾ ನ್ಯೂನತೆ ಎನ್ನಲು ಬರುವುದಿಲ್ಲ. ಆದರೆ ಊಟ, ತರಬೇತಿ, ಸ್ಕೀಯಿಂಗ್ ಸಲಕರಣೆ ಎಲ್ಲವನ್ನೂ ಸೇರಿಸಿ ಒಟ್ಟು ಮೊತ್ತ ಪಡೆದು ತರಬೇತಿ ನೀಡದಿದ್ದಲ್ಲಿ, ಆ ಭಾಗದ ಹಣವನ್ನು ಕೇಳಲು ಆಧಾರವಿರುತ್ತದೆ. ಇದಕ್ಕಾಗಿ ರಸೀದಿಯಲ್ಲಿ ಕೊಠಡಿ ಬಾಡಿಗೆ ಮತ್ತು ತರಬೇತಿ ಶುಲ್ಕಗಳನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಕೋರುವುದು.

ಬಿಲ್ಲಿನ ಪರಿಶೀಲನೆ

ಅರ್ಜಿದಾರರು ಬಿಲ್ಲಿನ ಒಟ್ಟು ಮೊತ್ತವನ್ನು ನೋಡುತ್ತಾರೆಯೇ ಹೊರತು ಒಳಗಿನ ಲೆಕ್ಕವನ್ನು ನೋಡುವುದು ಕಡಿಮೆ. ಒಂದು ಕೊಠಡಿಗೆ ಒಂದು ದಿನದ ಬಾಡಿಗೆ ರೂ. 7,500 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ, 22-09-2025ರಿಂದ ಸರಕು ಮತ್ತು ಸೇವಾ ತೆರಿಗೆಯು ಶೇ. 5 ಆಗಿರುತ್ತದೆ; ಅದಕ್ಕೂ ಮೊದಲು ಶೇ. 12 ಇತ್ತು. ರೂ. 7,500ಕ್ಕಿಂತ ಹೆಚ್ಚಿದ್ದರೆ ಶೇ. 18. ಈ ಮಿತಿಯು ದಿನವೊಂದರ ಬಾಡಿಗೆಗೆ ಅನ್ವಯಿಸುತ್ತದೆಯೇ ವಿನಾ ಒಟ್ಟು ಬಿಲ್ಲಿಗಲ್ಲ. ಉದಾಹರಣೆಗೆ, ದಿನಕ್ಕೆ ರೂ. 4,000ರಂತೆ ಮೂರು ದಿನಕ್ಕೆ ರೂ. 12,000 ಆದಾಗ ತೆರಿಗೆ ರೂ. 600 ಮಾತ್ರ. ಒಟ್ಟು ಮೊತ್ತದ ಮೇಲೆ ಶೇ. 18ರಂತೆ ಹಾಕಿದರೆ ರೂ. 2,160 ಆಗುತ್ತದೆ. ವ್ಯತ್ಯಾಸದ ರೂ. 1,560 ಸಾಮಾನ್ಯ ಕುಟುಂಬಕ್ಕೆ ಸಣ್ಣ ಮೊತ್ತವೇನಲ್ಲ.

ಸೇವಾ ಶುಲ್ಕವನ್ನು ಕಡ್ಡಾಯವಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು 2025ರ ಮಾರ್ಚ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಎತ್ತಿಹಿಡಿದಿದೆ.

ಬೆಟ್ಟದ ಊರುಗಳಲ್ಲಿ ರೂಮ್ ಹೀಟರ್‌ಗೆ ಪ್ರತ್ಯೇಕ ದರ ಕೇಳುವುದುಂಟು, ಮೊದಲೇ ವಿಚಾರಿಸುವುದು. ಹಣ ಉಳಿಸಲೆಂದು ಇದ್ದಿಲಿನ ಒಲೆಯನ್ನು ಮುಚ್ಚಿದ ಕೊಠಡಿಯೊಳಗೆ ಇರಿಸಿಕೊಂಡು ಮಲಗಬಾರದು. ಅದರಿಂದ ಹೊರಬರುವ ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ವಾಸನೆ ಇರುವುದಿಲ್ಲ. ನಿದ್ರೆಯಲ್ಲಿಯೇ ಪ್ರಾಣಾಪಾಯ ಸಂಭವಿಸುತ್ತದೆ.

ದೂರು ಸಲ್ಲಿಸುವ ವಿಧಾನ

ಮೊದಲಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಇತ್ಯರ್ಥವಾಗದಿದ್ದಲ್ಲಿ, ದೂರು ಸಲ್ಲಿಸಲು ಚಮೋಲಿಗೆ ಹೋಗಬೇಕಾಗಿಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ದೂರುದಾರರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲವಿರಲಿಲ್ಲ. ಪಾವತಿಸಿದ ಮೊತ್ತವು ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಕಾಲಮಿತಿಯು ದೂರಿಗೆ ಕಾರಣ ಉದ್ಭವಿಸಿದ ದಿನಾಂಕದಿಂದ ಎರಡು ವರ್ಷಗಳು. ದೂರಿನೊಂದಿಗೆ ಮುಂಗಡದ ರಸೀದಿ, ಕಾಯ್ದಿರಿಸಿದ ದಿನ ತೋರಿಸಿದ್ದ ರದ್ದತಿ ಷರತ್ತುಗಳ ಪ್ರತಿ, ಅಂತಿಮ ಬಿಲ್ಲು ಮತ್ತು ಹೋಟೆಲಿನೊಂದಿಗಿನ ಪತ್ರವ್ಯವಹಾರವನ್ನು ಲಗತ್ತಿಸತಕ್ಕದ್ದು.