ಅರ್ಧಕ್ಕೆ ನಿಂತ ಶಸ್ತ್ರಚಿಕಿತ್ಸೆ

ಲಿವರ್‌ನ ದೊಡ್ಡ ಭಾಗ ಕತ್ತರಿಸಿ ತೆಗೆಯುವ ಸರ್ಜನ್ನರಿಗೆ ಐದನೆಯ ದಿನದ ಭಯ ಹೆಚ್ಚು. ಮೊದಲ ದಿನ ರಕ್ತ ಸೋರಲಿಲ್ಲ, ಎರಡನೆಯ ದಿನ ರೋಗಿ ಎದ್ದು ಕೂತರು, ಮನೆಯವರ ಮುಖದಲ್ಲಿ ಕಳೆ ಬಂತು. ಆಮೇಲೆ ಒಂದು ಬೆಳಿಗ್ಗೆ ಕಣ್ಣು ಹಳದಿಗೆ ತಿರುಗಿರುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರೋಗಿ ಮಂಪರಿಗೆ ಜಾರುತ್ತಾರೆ. ಪ್ಯಾರಿಸ್ ಪಕ್ಕದ ಕ್ಲಿಶಿಯ ಬೋಜೋನ್ ಆಸ್ಪತ್ರೆಯವರು 775 ಶಸ್ತ್ರಚಿಕಿತ್ಸೆಗಳ ಲೆಕ್ಕ ತೆಗೆದು 2005ರಲ್ಲಿ ಪ್ರಕಟಿಸಿದರು. ಐದನೆಯ ದಿನ, ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ಲೀಟರ್ ರಕ್ತದಲ್ಲಿ 50 ಮೈಕ್ರೊಮೋಲ್ ದಾಟಿ, ರಕ್ತ ಹೆಪ್ಪುಗಟ್ಟುವ ಶಕ್ತಿಯೂ ಮಾಮೂಲಿನ ಅರ್ಧಕ್ಕಿಂತ ಕೆಳಗಿಳಿದಿದ್ದರೆ, ಅಂಥವರಲ್ಲಿ ನೂರಕ್ಕೆ 59 ಮಂದಿ ಬದುಕಿರಲಿಲ್ಲ. ಬಹಳ ಸಲ ಕತ್ತಿ ನೆಟ್ಟಗೇ ಓಡಿರುತ್ತದೆ. ಒಳಗೆ ಬಿಟ್ಟ ತುಂಡು ಮಾತ್ರ ಇಡೀ ದೇಹದ ಗಾಣ ಎಳೆಯಲಾರದಷ್ಟು ಚಿಕ್ಕದು. ಆರೋಗ್ಯದ ಲಿವರ್ ಆದರೆ ಸುಮಾರು ಕಾಲು ಭಾಗ ಉಳಿದರೆ ಸಾಕು. ಸಿರೋಸಿಸ್‌ನಿಂದ ಗಡುಸಾದದ್ದಾದರೆ ನೂರಕ್ಕೆ 40 ಭಾಗ ಬೇಕು.

ಹಾಗಾದರೆ ಕತ್ತರಿಸುವ ಮೊದಲೇ, ಉಳಿಯಬೇಕಾದ ತುಂಡನ್ನು ಬೆಳೆಸಿಕೊಳ್ಳಬಹುದೇ?

ಇದಕ್ಕೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಮೊಲಗಳಲ್ಲಿ. 1920ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಮತ್ತು ಲಾರಿಮೋರ್, ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ಸಿರೆಯ ಒಂದು ಕವಲನ್ನು ಕಟ್ಟಿದರು. ಕಾಲುವೆಗೆ ಅಡ್ಡ ಕಟ್ಟೆ ಹಾಕಿ ನೀರನ್ನೆಲ್ಲ ಪಕ್ಕದ ಗದ್ದೆಗೆ ತಿರುಗಿಸಿದ ಹಾಗೆ. ಕಟ್ಟಿದ ಕಡೆಯ ಭಾಗ ಸೊರಗಿತು, ಇನ್ನೊಂದು ಕಡೆ ಉಬ್ಬಿ ಬೆಳೆಯಿತು. ಕೋಳಿಯ ಗಡ್ಡೆಯಲ್ಲಿ ವೈರಸ್ ಕಂಡದ್ದಕ್ಕೆ 1966ರಲ್ಲಿ ನೊಬೆಲ್ ಪಡೆದ ರೌಸ್ ಇವರೇ. ಕೋಳಿಯ ಕತೆ ಪಠ್ಯಪುಸ್ತಕ ಸೇರಿತು, ಮೊಲದ ಕತೆ ಸರ್ಜನ್ನರ ಪಾಲಿಗೆ ಉಳಿಯಿತು.

ಅದನ್ನು ಮನುಷ್ಯರಿಗೆ ತಂದವರು ಜಪಾನಿನವರು. ಪಿತ್ತನಾಳದ ಕ್ಯಾನ್ಸರ್ ಕೆಲವೊಮ್ಮೆ ತಾನೇ ಪೋರ್ಟಲ್ ಸಿರೆಯ ಒಂದು ಕವಲನ್ನು ಹಿಸುಕಿಬಿಡುತ್ತದೆ. ಆಗ ಆ ಪಕ್ಕ ಬತ್ತಿ ಎದುರು ಪಕ್ಕ ಬೆಳೆದಿರುತ್ತದೆ. ರೋಗವೇ ಮಾಡುತ್ತಿದ್ದ ಈ ಕೆಲಸವನ್ನು ಮಸಾತೋಶಿ ಮಕುಉಚಿ 1980ರ ದಶಕದಲ್ಲಿ ಬೇಕೆಂದೇ ಮಾಡತೊಡಗಿದರು: ಜೆಲಟಿನ್ ತುಂಬಿ ಕವಲನ್ನು ಮುಚ್ಚುವುದು, ಕೆಲವು ವಾರ ಕಾಯುವುದು, ಆಮೇಲೆ ಕತ್ತಿ ಹಿಡಿಯುವುದು. 1990ರಲ್ಲಿ 14 ರೋಗಿಗಳ ವಿವರ ಇಂಗ್ಲಿಷಿನಲ್ಲಿ ಬಂದ ಮೇಲೆ ಉಪಾಯ ಎಲ್ಲೆಡೆ ಹರಡಿತು. ಇದರ ಕೊರತೆಯೆಂದರೆ ಆ ಕಾಯುವಿಕೆಯೇ. ಲಿವರ್ ಬೆಳೆಯುವ ವಾರಗಳಲ್ಲಿ ಗಡ್ಡೆಯೂ ಸುಮ್ಮನೆ ಕೂರುವುದಿಲ್ಲವಲ್ಲ.

2007ರಲ್ಲಿ ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಸರ್ಜನ್ ಹಾನ್ಸ್ ಶ್ಲಿಟ್ ಅವರ ಮುಂದೆ ಪಿತ್ತನಾಳದ ಕ್ಯಾನ್ಸರಿನ ಒಬ್ಬ ರೋಗಿ ಮಲಗಿದ್ದರು. ಲಿವರ್‌ನ ಬಲಭಾಗವನ್ನೂ ಅದರಾಚೆಯ ಒಂದಷ್ಟನ್ನೂ ತೆಗೆಯಬೇಕಿತ್ತು. ಹೊಟ್ಟೆ ತೆರೆದ ಮೇಲೆ ಗೊತ್ತಾಯಿತು, ಎಡಗಡೆ ಉಳಿಯುವ ತುಂಡು ತೀರಾ ಪುಟ್ಟದು. ತೆಗೆದರೆ ಐದನೆಯ ದಿನದ ಗತಿ, ಬಿಟ್ಟರೆ ಕ್ಯಾನ್ಸರು. ಶ್ಲಿಟ್ ಎರಡರ ನಡುವೆ ಒಂದು ದಾರಿ ಮಾಡಿಕೊಂಡರು. ಎಡಭಾಗದ ಪಿತ್ತ ಹರಿಯಲೆಂದು ಅದರ ನಾಳವನ್ನು ಕರುಳಿಗೆ ಜೋಡಿಸಬೇಕಿತ್ತು. ಕೈಯಾಡಲು ಜಾಗ ಬೇಕೆಂದು ಲಿವರನ್ನೇ ಸೀಳಿ ಎರಡು ಮಾಡಿದರು. ಬಲಗಡೆಯ ಪೋರ್ಟಲ್ ಕವಲನ್ನು ಕಟ್ಟಿದರು. ರೋಗದ ಭಾಗವನ್ನು ಒಳಗೇ ಬಿಟ್ಟು ಹೊಟ್ಟೆ ಹೊಲಿದರು. ಹೊಸ ವಿಧಾನ ಕಂಡುಹಿಡಿಯುತ್ತಿದ್ದೇನೆ ಎಂಬ ಯೋಚನೆ ಅಲ್ಲಿರಲಿಲ್ಲ. ಕೆಲಸ ಅರ್ಧಕ್ಕೆ ನಿಂತಿತ್ತು, ಅಷ್ಟೇ.

ಎಂಟನೆಯ ದಿನ ಕುತೂಹಲಕ್ಕೆಂದು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಪುಟ್ಟ ಎಡತುಂಡು ಬೆರಗಾಗುವಷ್ಟು ಬೆಳೆದಿತ್ತು. ರೋಗಿಯನ್ನು ಮತ್ತೆ ಥಿಯೇಟರಿಗೆ ಒಯ್ದು, ಒಳಗೆ ಬಿಟ್ಟಿದ್ದ ಬಲಭಾಗವನ್ನು ತೆಗೆದರು.

2012ರಲ್ಲಿ, ಹೀಗೆಯೇ ಎರಡು ಸಲ ಹೊಟ್ಟೆ ತೆರೆಸಿಕೊಂಡ ಐದು ಜರ್ಮನ್ ಕೇಂದ್ರಗಳ 25 ರೋಗಿಗಳ ವರದಿ ಬಂತು: ಸುಮಾರು ಒಂಬತ್ತು ದಿನದಲ್ಲಿ ನೂರಕ್ಕೆ 74ರಷ್ಟು ಬೆಳವಣಿಗೆ. ಬ್ಯೂನಸ್ ಐರಿಸ್‌ನ ದೆ ಸಾಂತಿಬಾನ್ಯೆಸ್ ಮತ್ತು ಜ್ಯೂರಿಕ್‌ನ ಕ್ಲಾವಿಯನ್ ಈ ವಿಧಾನಕ್ಕೆ ಉದ್ದನೆಯ ಹೆಸರೊಂದನ್ನು ಕಟ್ಟಿದರು. ಅದರ ಮೊದಲಕ್ಷರಗಳನ್ನು ಕೂಡಿಸಿದರೆ ‘ಆಲ್ಪ್ಸ್’. ಸ್ವಿಟ್ಜರ್ಲೆಂಡಿನ ವೈದ್ಯರಿಗೆ ಇಂಥ ಹೆಸರು ತಾನಾಗಿ ಹೊಳೆದಿದ್ದರೆ ಆಶ್ಚರ್ಯವಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿತ್ತು. 25ರಲ್ಲಿ ಮೂವರು ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಸೀಳಿದ ಅಂಚಿನಿಂದ ಪಿತ್ತ ಸೋರುವುದು, ಕೀವು ತುಂಬುವುದು, ಹತ್ತೇ ದಿನದಲ್ಲಿ ಎರಡು ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾಗದೆ ದೇಹ ಕುಸಿಯುವುದು: ಒಂದು ತೊಡಕನ್ನು ತಪ್ಪಿಸಲು ಹೋಗಿ ಬೇರೆ ತೊಡಕುಗಳು ಬಂದಿದ್ದವು. ಸರ್ಜನ್ನರಲ್ಲಿ ಪರ ವಿರೋಧದ ಜಗಳವೇ ನಡೆಯಿತು. 2018ರಲ್ಲಿ ಸ್ಕ್ಯಾಂಡಿನೇವಿಯಾದ ಪರೀಕ್ಷೆಯೊಂದು ಹೊಸ ಕ್ರಮವನ್ನು, ನಡುವೆ ವಾರಗಟ್ಟಲೆ ಕಾಯುವ ಹಳೆಯ ಎರಡು ಹಂತದ ಕ್ರಮದೊಂದಿಗೆ ಹೋಲಿಸಿತು. ಗಡ್ಡೆ ತೆಗೆಯುವ ತನಕ ತಲುಪಿದವರು ಹೊಸದರಲ್ಲಿ ನೂರಕ್ಕೆ 92, ಹಳೆಯದರಲ್ಲಿ 57. ತೊಡಕುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇಷ್ಟು ಬೇಗ ಬೆಳೆಯುವುದು ಹೇಗೆ? ಜ್ಯೂರಿಕ್‌ನವರು ಇಲಿಗಳಲ್ಲಿ ಹುಡುಕಿದರು. ಲಿವರ್ ಸೀಳದೆ, ಕವಲು ಮಾತ್ರ ಕಟ್ಟಿ, ಜೊತೆಗೆ ಗುಲ್ಮಕ್ಕೋ ಮೂತ್ರಪಿಂಡಕ್ಕೋ ಗಾಯ ಮಾಡಿದರೂ ಬೆಳವಣಿಗೆ ಚುರುಕಾಯಿತು. ಸೀಳಿಸಿಕೊಂಡ ಇಲಿಯ ಪ್ಲಾಸ್ಮಾವನ್ನು ಕವಲು ಕಟ್ಟಿದ ಇಲಿಗೆ ಚುಚ್ಚಿದರೂ ಹಾಗೆಯೇ ಆಯಿತು. ‘ಬೆಳೆ’ ಎಂಬ ಅಪ್ಪಣೆ ರಕ್ತದಲ್ಲಿ ಹರಿದು ಬರುತ್ತಿತ್ತು ಎಂದಾಯಿತು.

ಬೆಳೆದದ್ದೆಲ್ಲ ದುಡಿಯುವುದಿಲ್ಲ ಎಂಬುದು ತಿಳಿಯಲು ಇನ್ನಷ್ಟು ಸಮಯ ಹಿಡಿಯಿತು. ಸ್ಕ್ಯಾನಿನಲ್ಲಿ ತುಂಬಿಕೊಂಡು ಕಾಣುವ ತುಂಡಿನ ಜೀವಕೋಶಗಳು ಇನ್ನೂ ಎಳಸಾಗಿರುತ್ತವೆ. ಗಾತ್ರದ ಹಿಂದೆ ಕಸುವು ನಿಧಾನಕ್ಕೆ ಬರುತ್ತದೆ. ಈಗ ಕೆಲವು ಕೇಂದ್ರಗಳಲ್ಲಿ ಎರಡನೆಯ ಸಲ ಹೊಟ್ಟೆ ತೆರೆಯುವ ಮುನ್ನ ವಿಕಿರಣದ ಗುರುತು ಹಚ್ಚಿದ ಔಷಧಿ ಕೊಟ್ಟು, ಆ ತುಂಡು ಅದನ್ನು ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂದು ಅಳೆಯುತ್ತಾರೆ. ಅಳತೆ ಸಾಲದಿದ್ದರೆ ರೋಗದ ಭಾಗ ಇನ್ನೂ ಕೆಲವು ದಿನ ಒಳಗೇ ಇರುತ್ತದೆ.