ಪುದೀನ ಜಜ್ಜಬೇಡಿ, ತಟ್ಟಿ

ಗೋವಾದಿಂದ 2017ರಲ್ಲಿ ಗ್ರೇಟರ್ ದ್ಯಾನ್, ಮರುವರ್ಷ ಸ್ಟ್ರೇಂಜರ್ ಆಂಡ್ ಸನ್ಸ್ ಎಂಬ ಜಿನ್ನುಗಳು ಬಂದ ಮೇಲೆ ಮುಂಬಯಿಯ ಬಾಂದ್ರಾದ ಬಾರುಗಳಲ್ಲಿ ಜಿನ್ನಿಗೆ ಮತ್ತೆ ಮರ್ಯಾದೆ ಸಿಕ್ಕಿದೆ. ಸೆಕೆಗೆ ಹೇಳಿಮಾಡಿಸಿದ ಜಿನ್ ಕಾಕ್‌ಟೇಲ್ ಎಂದರೆ, ನನ್ನ ಮಟ್ಟಿಗೆ, ಪುದೀನ ಹಾಕಿದ ಸೌತ್‌ಸೈಡ್. ಅಮೆರಿಕದ ಪಾನನಿಷೇಧದ ದಿನಗಳಲ್ಲಿ (1920–33) ಕೆಟ್ಟ ಜಿನ್ನಿನ ವಾಸನೆ ಮುಚ್ಚಲು ಶಿಕಾಗೋದವರು ಇದನ್ನು ಕಂಡುಕೊಂಡರು ಎಂಬ ಕತೆಯಿದೆ. ನಿಜವೋ ಸುಳ್ಳೋ, ಬಾಂದ್ರಾದ ಹಳಬರಿಗೆ ಅರ್ಥವಾಗುವ ಕತೆ. 1949ರ ಮುಂಬಯಿ ಪಾನನಿಷೇಧ ಕಾಯ್ದೆಯ ಕಾಲದಲ್ಲಿ ಇಲ್ಲಿಯೂ ‘ಆಂಟಿ’ಯರ ಮನೆಗಳಲ್ಲಿ ಕಳ್ಳಭಟ್ಟಿ ಗುಟ್ಟಾಗಿ ಸಿಗುತ್ತಿತ್ತು.

ಒಂದು ಗ್ಲಾಸಿಗೆ ಬೇಕಾದದ್ದು ಇಷ್ಟೇ: ಜಿನ್ 60 ಮಿಲೀ, ಅಂದರೆ ಒಂದು ಲಾರ್ಜ್, ಆಗ ಹಿಂಡಿದ ನಿಂಬೆರಸ 25 ಮಿಲೀ, ಸಕ್ಕರೆ ಪಾಕ 20 ಮಿಲೀ, ಏಳೆಂಟು ಪುದೀನ ಎಲೆ. ಪಾಕಕ್ಕೆ ಒಲೆ ಹಚ್ಚಬೇಕಿಲ್ಲ, ಸಮಪಾಲು ಸಕ್ಕರೆ, ನೀರು ಹಾಕಿ ಕದಡಿದರೆ ಸಾಕು. ಬಾಟಲಿಯ ನಿಂಬೆರಸ ಮಾತ್ರ ಬೇಡ. ನಿಂಬೆ ನಾಟಿಯಾದರೆ ಹುಳಿ ಜೋರು, ರುಚಿ ನೋಡಿ ಪಾಕ ಹೆಚ್ಚಿಸಿ.

ಎಡವುವುದು ಪುದೀನದಲ್ಲಿ. ಪುದೀನದ ಘಮವೆಲ್ಲ ಎಲೆಯ ಮೇಲ್ಮೈಯಲ್ಲಿರುವ ಸಣ್ಣ ಸಣ್ಣ ಎಣ್ಣೆಗ್ರಂಥಿಗಳಲ್ಲಿರುತ್ತದೆ. ಅವು ಒಡೆಯಲು ಮೆಲ್ಲಗೆ ಒತ್ತಿದರೆ ಸಾಕು. ಚಟ್ನಿಗೆ ಅರೆಯುವಂತೆ ಜಜ್ಜಿದರೆ ಎಲೆಯೊಳಗಿನ ಹಸಿರು ರಸವೂ ಹೊರಬಂದು ಪಾನೀಯಕ್ಕೆ ಹುಲ್ಲಿನ ಕಹಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಬಣ್ಣವೂ ಕಂದುತ್ತದೆ. ಎಷ್ಟೋ ಬಾರುಗಳಲ್ಲಿ ಹೀಗೇ ಕುಟ್ಟಿ ಕೊಡುತ್ತಾರೆ. ಹಲ್ಲಿಗೆ ಸಿಕ್ಕುವ ಚೂರುಗಳೇ ಅದಕ್ಕೆ ಸಾಕ್ಷಿ. ಎಲೆಗಳನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಒಮ್ಮೆ ತಟ್ಟಿ ಹಾಕಿ. ಉಳಿದದ್ದನ್ನು ಐಸೇ ನೋಡಿಕೊಳ್ಳುತ್ತದೆ.

ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಅಗಲ ಬಾಯಿಯ ಜಾಡಿ ಸಾಕು. ಎಲ್ಲವನ್ನೂ ಹಾಕಿ, ಮುಕ್ಕಾಲು ಭಾಗ ಐಸ್ ತುಂಬಿ, ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ. ಐಸ್ ತಣಿಸುವುದಷ್ಟೇ ಅಲ್ಲ, ಕರಗಿದ ನೀರು ಮದ್ಯದ ಖಾರವನ್ನೂ ತಗ್ಗಿಸುತ್ತದೆ. ಐಸ್ ಉಳಿಸಲು ಹೋದರೆ ಎಡವಟ್ಟು: ನಾಲ್ಕೇ ತುಂಡು ಹಾಕಿದರೆ ಮುಂಬಯಿಯ ಸೆಕೆಗೆ ಅವು ಬೇಗ ಕರಗಿ ಪಾನೀಯ ತಣ್ಣಗಾಗುವ ಮೊದಲೇ ನೀರಾಗುತ್ತದೆ. ಕೊನೆಗೆ ಚಹಾ ಜರಡಿಯಲ್ಲಿ ಸೋಸಿ, ಫ್ರೀಜರಿನಲ್ಲಿಟ್ಟ ಗ್ಲಾಸಿಗೆ ಸುರಿಯಿರಿ.

ಪುದೀನ ತಿಂದಾಗ ಬಾಯಿ ತಣ್ಣಗಾದಂತೆ ಅನಿಸುವುದು ಮೆಂಥಾಲಿನಿಂದ. ಅದು ನಾಲಿಗೆಯ ತಂಪು ಗುರುತಿಸುವ ನರಗಳನ್ನೇ ಮೋಸಗೊಳಿಸುತ್ತದೆ. ಆದರೆ ನಾವು ಅಡುಗೆಗೆ ತರುವ ಪುದೀನದಲ್ಲಿ ಮೆಂಥಾಲ್ ಅತ್ಯಲ್ಪ, ಕಾರ್ವೋನ್ ಎಂಬ ಸಿಹಿ ಘಮದ ಅಂಶವೇ ಹೆಚ್ಚು. ಜಿನ್ನಿನ ಜೂನಿಪರ್ ಕಾಯಿಯ ದೇವದಾರುವಿನಂಥ ವಾಸನೆಗೆ ಇದೇ ಒಳ್ಳೆಯ ಜೋಡಿ. ಪೆಪ್ಪರ್‌ಮಿಂಟ್ ಹಾಕಿದರೆ ಕೆಮ್ಮಿನ ಗುಳಿಗೆಯ ನೆನಪಾದೀತು.

ಪಾಲಿ ಮಾರ್ಕೆಟ್‌ನಲ್ಲಿ ಪುದೀನದ ‘ಜುಡಿ’ (ಕಟ್ಟು) ಕೊಳ್ಳುವಾಗ ಎಲೆ ಮುಟ್ಟಿ ನೋಡಿ. ಅಂಚು ಕಪ್ಪಾಗಿದ್ದರೆ ಬಿಡಿ. ಈ ತೇವದ ಹವೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಪುದೀನ ಬೇಗ ಕೊಳೆಯುತ್ತದೆ. ಕಡ್ಡಿಯ ತುದಿ ಕತ್ತರಿಸಿ ಹೂಗುಚ್ಛದಂತೆ ನೀರಿನ ಲೋಟದಲ್ಲಿ ನಿಲ್ಲಿಸಿ. ಕೆಲವು ಕಡ್ಡಿಗಳಿಗೆ ಬೇರು ಬಂದರೆ ಕಿಟಕಿ ಗ್ರಿಲ್ಲಿನ ಕುಂಡಕ್ಕೆ ಹಾಕಿಬಿಡಿ.

ಮೇಲೆ ಸೋಡಾ ಸುರಿದರೆ ಅದೇ ಸೌತ್‌ಸೈಡ್ ಫಿಜ್, ಮಧ್ಯಾಹ್ನಕ್ಕೆ ಅದು ಹಗುರ. ಕುಡಿಯದವರಿಗೆ ಜಿನ್ ಬಿಟ್ಟು ಶುಂಠಿ ರಸ ನಾಲ್ಕು ಹನಿ ಹಾಕಿ. ಅಂದಹಾಗೆ, 1949ರ ಆ ಕಾಯ್ದೆ ಹೆಸರು ಬದಲಿಸಿಕೊಂಡು ಮಹಾರಾಷ್ಟ್ರದಲ್ಲಿ ಇನ್ನೂ ಜಾರಿಯಲ್ಲಿದೆ: ಜಿನ್ ಕುಡಿಯಲು 25 ವರ್ಷ ತುಂಬಿರಬೇಕು, ಕಾಗದದ ಮೇಲೆ ಪರ್ಮಿಟ್ಟೂ ಬೇಕು.