ನಿಮಗಿದು ಗೊತ್ತೆ? ಪಾರ್ಕಿನ ಹಳದಿ ಹೂ ನಮ್ಮೂರಿನದಲ್ಲ!

ಜಯನಗರ, ಜೆ.ಪಿ. ನಗರದ ಕಡೆ ಪಾರ್ಕುಗಳಲ್ಲಿ ನೆಲಕ್ಕೆ ಹಸಿರು ಹಾಸಿ ಅರಳುವ ಹಳದಿ ಡೈಸಿ ಸಾಮಾನ್ಯವಾಗಿ ಅಮೆರಿಕದ ಉಷ್ಣವಲಯದಿಂದ ಬಂದ ವೆಡೇಲಿಯ. ಜಗತ್ತಿನ 100 ಕುಖ್ಯಾತ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಾವೋ ದುಡ್ಡು ಕೊಟ್ಟು ನೆಡುತ್ತೇವೆ! ಅದರ ದೇಸಿ ದಾಯಾದಿ ಹಳದಿ ಗರುಗ, ಅಂದರೆ ಪೀತ ಭೃಂಗರಾಜ. ಹೂ ನೋಡಿದರೆ ಮೋಸಹೋಗುತ್ತೀರಿ, ಎಲೆ ನೋಡಿ. ವೆಡೇಲಿಯದ ಎಲೆ ಮಿರಮಿರ ಹೊಳೆಯುತ್ತದೆ, ಹೆಚ್ಚಾಗಿ ಮೂರು ಹಾಲೆಯಾಗಿ ಸೀಳಿರುತ್ತದೆ. ಗರುಗದ್ದು ಸೀಳಿಲ್ಲದ ಕಿರಿದಾದ ಎಲೆ. ಬೆರಳಾಡಿಸಿದರೆ ಗಿಡ್ಡ ರೋಮಗಳು ತರಿತರಿಯಾಗಿ ತಾಗುತ್ತವೆ. ಬೆಳೆಸುವುದು ಸಲೀಸು: ಎರಡು ಮೂರು ಗೆಣ್ಣಿರುವ ಕಾಂಡವನ್ನು ಮಳೆಗಾಲದಲ್ಲಿ ತೇವದ ಮಣ್ಣಿಗೆ ಊರಿ, ಗೆಣ್ಣಿನಲ್ಲೇ ಬೇರೊಡೆಯುತ್ತದೆ. ಅಂದಹಾಗೆ, ಕೂದಲೆಣ್ಣೆಗೆ ಹಾಕುವ ಮಾಮೂಲಿ ಗರುಗದ ಹೂ ಬಿಳಿ.